ಮೆಡೋಸ್ ಟೇಲರ್: ಸುರಪುರದ ಸೈನಿಕ, ಆಡಳಿತಗಾರ, ನ್ಯಾಯದಾತ

ಪರಿಚಯ

ಫಿಲಿಪ್ ಮೆಡೋಸ್ ಟೇಲರ್ (1808–1876) ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ, ಆಡಳಿತಗಾರ ಮತ್ತು ಕಾದಂಬರಿಕಾರ. ಆತನ ಸೇವಾವಧಿಯ ಮಹತ್ವದ ಭಾಗ ಕಳೆದದ್ದು ಇಂದಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ. ಸುರಪುರ ನಿಜಾಮರ ಅಧೀನದಲ್ಲಿತ್ತು. ಆದರೆ ಅಲ್ಲಿನ ಬೇಡ ನಾಯಕರು ಕಪ್ಪ ಸಲ್ಲಿಸಿ ತಮ್ಮ ಸಂಸ್ಥಾನವನ್ನು ತಾವೇ ಆಳುತ್ತಿದ್ದರು.

ಆರಂಭಿಕ ಜೀವನ

ಟೇಲರ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ವ್ಯಾಪಾರಿಯೊಬ್ಬನ ಕಚೇರಿಗೆ ಸೇರಲು ಮುಂಬಯಿಗೆ ಬಂದ. ವ್ಯಾಪಾರದ ಭರವಸೆ ಹುಸಿಯಾದಾಗ ಅದೇ ವರ್ಷ ನಿಜಾಮರ ಸೇನೆ ಸೇರಿದ. ಕೆಲಕಾಲ ಪೊಲೀಸ್ ಅಧಿಕಾರಿಯಾಗಿಯೂ ದುಡಿದ. ಕಾನೂನು, ಭೂಮಾಪನ, ಕಟ್ಟಡ ನಿರ್ಮಾಣಗಳನ್ನು ಕಲಿಸಿದ ಶಾಲೆ ಯಾವುದೂ ಇರಲಿಲ್ಲ. ಅವನ್ನೆಲ್ಲ ಬಹುಮಟ್ಟಿಗೆ ಸ್ವಂತ ಅಭ್ಯಾಸದಿಂದಲೇ ಕಲಿತ. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರನ್ನು ಕುರಿತ ಆತನ ಮೊದಲ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಹೆಸರು ತಂದಿತು.

ಸುರಪುರದ ಆಡಳಿತ

ಸಾಲ ಮತ್ತು ಒಳಜಗಳದಿಂದ ಕುಗ್ಗಿದ್ದ ಸುರಪುರಕ್ಕೆ ಟೇಲರ್ 1841ರಲ್ಲಿ ನಿಯುಕ್ತನಾದ. ಮರುವರ್ಷ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಮತ್ತು ದಿವಂಗತ ಅರಸನ ಸೋದರ ಪಿಡ್ಡ ನಾಯಕರ ನಡುವೆ ಅಧಿಕಾರಕ್ಕಾಗಿ ಪೈಪೋಟಿ ಹುಟ್ಟಿತು. ಕಾಲಕ್ರಮದಲ್ಲಿ ಆಡಳಿತದ ಹೊಣೆ ಟೇಲರ್‌ನ ಕೈಗೆ ಬಂದು 1853ರವರೆಗೆ ಅಲ್ಲೇ ಉಳಿಯಿತು.

ಕಂದಾಯ ನಿಗದಿ, ಪೊಲೀಸ್ ವ್ಯವಸ್ಥೆ, ಸಿವಿಲ್ ಮತ್ತು ಕ್ರಿಮಿನಲ್ ವ್ಯಾಜ್ಯಗಳ ತೀರ್ಮಾನ ಎಲ್ಲವೂ ಆತನ ಹೊಣೆಯಾಗಿದ್ದವು. ಈ ಭಾಗವನ್ನು ಹೈದರಾಬಾದಿಗೆ ಜೋಡಿಸುವ ವಾಡಿ–ಸಿಕಂದರಾಬಾದ್ ರೈಲು ಬಂದದ್ದು 1874ರಲ್ಲಿ. ಅದಕ್ಕೆ ಮುಂಚೆ ಹೈದರಾಬಾದಿನಿಂದ ಸಲಹೆ ತರಿಸಿಕೊಳ್ಳಲು ದಿನಗಳೇ ಬೇಕಿದ್ದವು. ಆದ್ದರಿಂದ ರಾಜಧಾನಿಯಿಂದ ದೂರವಿದ್ದ ಟೇಲರ್‌ನಂಥ ಅಧಿಕಾರಿಯ ತೀರ್ಪು ಬಹಳಷ್ಟು ಸಲ ಅಲ್ಲಿಯೇ ಜಾರಿಯಾಗುತ್ತಿತ್ತು. ಶಸ್ತ್ರಧಾರಿಗಳಾದ ಬೇಡರನ್ನು ಟೇಲರ್ ಸೈನ್ಯಬಲಕ್ಕಿಂತ ಹೆಚ್ಚಾಗಿ ಮಾತುಕತೆಯಿಂದ ಒಲಿಸಿಕೊಂಡ. ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದ. ಬೆಟ್ಟದ ಮೇಲೆ ಆತ ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ.

ಪ್ರಾಚ್ಯ ಸಂಶೋಧನೆ

ರಾಜನ ಕೋಳೂರು, ಜೇವರ್ಗಿ ಮುಂತಾದೆಡೆಯ ಬೃಹತ್ ಶಿಲಾಯುಗದ ಸಮಾಧಿಗಳನ್ನು ಟೇಲರ್ ಅಗೆಸಿ, ಅಳೆದು, ಚಿತ್ರ ಬರೆದು ಪ್ರಕಟಿಸಿದ. ರಾಜನ ಕೋಳೂರಿನ ಕೆಲವು ಗೋರಿಗಳಲ್ಲಿ ಮೂರು ಬದಿಗೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಲಾಗಿದೆ. ಇನ್ನು ಕೆಲವು ನಾಲ್ಕೂ ಕಡೆ ಮುಚ್ಚಿವೆ. ಅವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ರಂಧ್ರವಿದೆ. ಒಳಗಿನ ಮಣ್ಣಿನಲ್ಲಿ ಬೂದಿ, ಮೂಳೆಯ ಚೂರು ಮತ್ತು ಮಡಕೆಯ ತುಂಡುಗಳು ದೊರೆತವು. ಯುರೋಪಿನ ಇಂಥದೇ ಗೋರಿಗಳೊಂದಿಗೆ ಆತ ಅವನ್ನು ಹೋಲಿಸಿದ. ಎರಡರ ಮೂಲ ಒಂದೇ ಎಂಬ ಆತನ ಊಹೆ ಮುಂದೆ ನಿಲ್ಲಲಿಲ್ಲ, ಆದರೆ ಅಳತೆ ಮತ್ತು ಚಿತ್ರಗಳು ವಿದ್ವಾಂಸರಿಗೆ ಆಧಾರವಾದವು.

1858ರ ದಂಗೆ

1853ರಲ್ಲಿ ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನಿಗೆ ರಾಜ್ಯ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ತೆರಳಿದ. 1857ರಲ್ಲಿ ಬೇರಾರ್ ಪ್ರಾಂತ್ಯದ ಬುಲ್ಡಾಣಾಕ್ಕೆ ವರ್ಗವಾಗಿ ಅಲ್ಲಿ ಶಾಂತಿ ಕಾಪಾಡಿದ. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಸಮರ ಸಾರಿದ. ಕಾಳಗದಲ್ಲಿ ಬ್ರಿಟಿಷ್ ಪಡೆಯ ಕ್ಯಾಪ್ಟನ್ ನ್ಯೂಬೆರಿ ಹತನಾದ. ಹೈದರಾಬಾದಿಗೆ ಹೋದ ಅರಸ ಸೆರೆಯಾದ. ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಆ ಯುವಕನನ್ನು ಟೇಲರ್ ಸೆರೆಮನೆಯಲ್ಲಿ ಕಂಡ. ಅರಸನಿಗೆ ವಿಧಿಸಿದ ಮರಣದಂಡನೆ ಗಡೀಪಾರಾಗಿ, ಬಳಿಕ ನಾಲ್ಕು ವರ್ಷಗಳ ಸೆರೆವಾಸವಾಗಿ ಇಳಿಯಿತು. ಮದ್ರಾಸ್ ಕಡೆಗೆ ಸಾಗಿಸುವಾಗ ಅರಸ ಗುಂಡೇಟಿನಿಂದ ಮೃತನಾದ. ಆತ್ಮಹತ್ಯೆ ಎಂಬುದು ಟೇಲರ್‌ನ ವರದಿ. 1860ರಲ್ಲಿ ಸುರಪುರ ನಿಜಾಮರ ರಾಜ್ಯದಲ್ಲಿ ವಿಲೀನವಾಯಿತು.

ಮೌಲ್ಯಮಾಪನ

ಟೇಲರ್ 1860ರಲ್ಲಿ ನಿವೃತ್ತನಾಗಿ 1876ರಲ್ಲಿ ಫ್ರಾನ್ಸಿನ ಮಾಂತೋಂನಲ್ಲಿ ನಿಧನನಾದ. ಆತನ ಆತ್ಮಕಥೆ 1877ರಲ್ಲಿ ಹೊರಬಂತು. ಸುರಪುರದ ಕೊನೆಯ ದಶಕಗಳನ್ನು ತಿಳಿಯಲು ಅದು ಪ್ರಮುಖ ಆಕರ. ಜನರ ವಿಶ್ವಾಸ ಗಳಿಸಿದರೂ ಆತ ಅಂತಿಮವಾಗಿ ಪ್ರತಿನಿಧಿಸಿದ್ದು ಹೊರಗಿನ ಅಧಿಕಾರವನ್ನೇ. ವೆಂಕಟಪ್ಪ ನಾಯಕನ ಮಾತುಗಳು ಆತ್ಮಕಥೆಯಲ್ಲಿ ಟೇಲರ್‌ನ ಲೇಖನಿಯ ಮೂಲಕ ಬರುವುದರಿಂದ ಆ ಕೃತಿಯನ್ನು ಸುರಪುರದ ಸ್ಥಳೀಯ ನೆನಪುಗಳ ಜತೆಗಿಟ್ಟೇ ಓದಬೇಕು.