ಎಡಗಾಲು, ಗೇರು ಮತ್ತು ಮುಂದಿನ ಗಿರಾಕಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಒಂದು ಪ್ರಶ್ನೆ ಕೇಳಿದರು. ಅವರೂ ಈಗ ನಿವೃತ್ತಿಯ ಹೊಸ್ತಿಲಲ್ಲಿರುವವರೇ. ಎಡ ಮೊಣಕಾಲಿನ ಸವೆತದಿಂದಾಗಿ ಕ್ಲಚ್ ಒತ್ತುವುದು ಅವರಿಗೆ ಕಷ್ಟವಾಗಿದೆ. ಇರುವ ಕಾರನ್ನು ಮಾರಿ ಆಟೋಮ್ಯಾಟಿಕ್ ಗೇರಿನದೊಂದನ್ನು ಕೊಳ್ಳೋಣವೆಂದರೆ ಮನೆಯಲ್ಲಿ ಒಪ್ಪುತ್ತಿಲ್ಲ. "ನಾಳೆ ಅದನ್ನು ಮಾರಲು ಹೋದರೆ ಯಾರು ಕೊಳ್ಳುತ್ತಾರೆ?" ಎಂಬುದು ಮನೆಯವರ ವಾದ. "ಸಾರ್, ನೀವೇನಂತೀರಿ?" ಎಂದರು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ನಾನು ಪಾಠ ಹೇಳಿದ್ದು ಚರಿತ್ರೆ. ಆದರೆ ಆ ವಾದಕ್ಕೂ ಒಂದು ಚರಿತ್ರೆಯಿದೆ. ಕಾಲು ನಮ್ಮದು, ನೋವು ನಮ್ಮದು, ಹಣವೂ ನಮ್ಮದೇ. ಗೇರನ್ನು ಆರಿಸುವವನು ಮಾತ್ರ ಇನ್ನೂ ಮುಖ ಕಾಣದ ಮುಂದಿನ ಗಿರಾಕಿ! ಈ ವಿಚಿತ್ರ ಪರಿಸ್ಥಿತಿ ನಮ್ಮ ದೇಶದಲ್ಲಿ ಹೇಗೆ ಉಂಟಾಯಿತೆಂಬುದನ್ನು ನೋಡೋಣ.

ಗೇರಿನ ಅಗತ್ಯವೇನೆಂಬುದನ್ನು ಸೈಕಲ್ ತುಳಿದವರಿಗೆ ವಿವರಿಸಬೇಕಾಗಿಲ್ಲ. ಏರು ಬಂದಾಗ ಸೀಟಿನಿಂದ ಎದ್ದು ನಿಂತು ತುಳಿದದ್ದು ಎಲ್ಲರಿಗೂ ನೆನಪಿದ್ದೀತು. ಮೋಟಾರಿನ ಎಂಜಿನ್ ಹಾಗೆ ಎದ್ದು ನಿಲ್ಲಲಾರದು. ಅದಕ್ಕೆ ಒಂದು ಮಿತಿಗಿಂತ ನಿಧಾನವಾಗಿ ತಿರುಗಲು ಬಾರದು; ಬಲವಂತಪಡಿಸಿದರೆ ನಿಂತೇ ಹೋಗುತ್ತದೆ. ಆದ್ದರಿಂದ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಹಲ್ಲುಚಕ್ರಗಳ ಒಂದು ಪೆಟ್ಟಿಗೆ ಬೇಕಾಯಿತು. 1890ರ ದಶಕದಲ್ಲಿ ಫ್ರಾನ್ಸಿನ ಪನ್ಹಾರ್ ಮತ್ತು ಲೆವಾಸ್ಸೋರ್ ಸಂಸ್ಥೆಯವರು ಹಲ್ಲುಚಕ್ರಗಳನ್ನು ಸರಿಸಿ ಜೋಡಿಸುವ ಪದ್ಧತಿಯನ್ನು ರೂಢಿಗೆ ತಂದರು. ತಿರುಗುತ್ತಿರುವ ಒಂದು ಚಕ್ರಕ್ಕೆ ಬೇರೆ ವೇಗದಲ್ಲಿ ತಿರುಗುತ್ತಿರುವ ಇನ್ನೊಂದನ್ನು ತಾಗಿಸುವುದೆಂದರೆ ಸುಲಭವೇ? ಕಿವಿಗಡಚಿಕ್ಕುವ ಸದ್ದು, ಹಲ್ಲು ಮುರಿಯುವ ಭಯ. ಹಳೆಯ ಲಾರಿ ಚಾಲಕರು ಕ್ಲಚ್ಚನ್ನು ಎರಡೆರಡು ಬಾರಿ ಒತ್ತಿ ಗೇರು ಹಾಕುತ್ತಿದ್ದುದು ಇದೇ ಕಾರಣಕ್ಕೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಎರಡು ಚಕ್ರಗಳ ವೇಗವನ್ನು ಮೊದಲು ಸರಿದೂಗಿಸಿ ಆಮೇಲೆ ಜೋಡಿಸುವ ಸಿಂಕ್ರೋಮೆಶ್ ಏರ್ಪಾಡು ಬಂದ ಮೇಲೆ ಈ ಹಿಂಸೆ ಕಡಿಮೆಯಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಸಾಮಾನ್ಯ ಜನರ ಕಾರೆಂದು ಹೆಸರಾದ, ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಸಂಸ್ಥೆಯ ಮಾಡೆಲ್ ಟಿ (1908) ಕಾರಿನಲ್ಲಿ ಇಂದಿನ ರೀತಿಯ ಗೇರಿನ ಹಿಡಿಯೇ ಇರಲಿಲ್ಲ. ಇದ್ದುದು ಎರಡೇ ಮುಂಗೇರು. ಎಡ ಪೆಡಲನ್ನು ಪೂರ್ತಿ ಒತ್ತಿ ಹಿಡಿದರೆ ಕೆಳಗಿನ ಗೇರು, ಬಿಟ್ಟರೆ ಮೇಲಿನದು. ನಡುವಿನ ಪೆಡಲು ಹಿಮ್ಮುಖಕ್ಕೆ, ಬಲಗಡೆಯದು ಬ್ರೇಕಿಗೆ. ಉದ್ದನೆಯ ಏರು ಬಂತೆಂದರೆ ಅದು ಮುಗಿಯುವವರೆಗೂ ಎಡಗಾಲನ್ನು ಎತ್ತುವಂತಿರಲಿಲ್ಲ! ಎಡಗಾಲಿನ ಕಷ್ಟ ಇಂದು ನಿನ್ನೆಯದಲ್ಲ.

ಆ ಕಾಲಿಗೆ ಪೂರ್ಣ ವಿಶ್ರಾಂತಿ ದೊರೆತದ್ದು ಓಲ್ಡ್ಸ್‌ಮೊಬೈಲ್ ಕಾರಿನ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸಿನಿಂದ. ಜನರಲ್ ಮೋಟರ್ಸ್ ಸಂಸ್ಥೆ ಅದನ್ನು ಪ್ರಕಟಿಸಿದ್ದು 1939ರಲ್ಲಿ, 1940ರ ಮಾದರಿಗಾಗಿ. ಹೆಚ್ಚುವರಿ ಬೆಲೆ 57 ಡಾಲರ್. ಎರಡನೆಯ ಮಹಾಯುದ್ಧದಲ್ಲಿ ಇದೇ ಗೇರ್‌ಬಾಕ್ಸನ್ನು ಕ್ಯಾಡಿಲಾಕ್ ಎಂಜಿನ್ನುಗಳೊಡನೆ ಎಂ5 ಸ್ಟುವರ್ಟ್ ಟ್ಯಾಂಕಿಗೆ ಜೋಡಿಸಿದರು. ಯುದ್ಧ ಮುಗಿದ ಮೇಲೆ, ಟ್ಯಾಂಕನ್ನೇ ಎಳೆದ ಯಂತ್ರ ನಿಮ್ಮ ಕಾರನ್ನು ಎಳೆಯದೇ ಎಂಬ ಧಾಟಿಯ ಜಾಹೀರಾತಿಗೆ ಅದು ಒದಗಿತು. ಪೆಟ್ರೋಲು ಅಗ್ಗ, ಎಂಜಿನ್ನು ದೊಡ್ಡದು, ರಸ್ತೆ ವಿಶಾಲ. ಮೇಲಾಗಿ ಅಲ್ಲಿ ಕಾರಿನ ಯಜಮಾನನೇ ಕಾರಿನ ಚಾಲಕ. 1950ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಬಹುಪಾಲು ಹೊಸ ಕಾರುಗಳು ಆಟೋಮ್ಯಾಟಿಕ್ಕೇ ಆಗಿದ್ದವು. ಅಲ್ಲಿ ಮುಂದಿನ ಗಿರಾಕಿಯ ಭಯ ತಿರುಗುಮುರುಗಾಯಿತು. ಕೈಗೇರಿನ ಕಾರನ್ನು ಮಾರುವುದೇ ಕಷ್ಟವೆನಿಸಿತು.

ನಮ್ಮಲ್ಲಿ ಹಾಗಾಗಲಿಲ್ಲ. ಪೆಟ್ರೋಲು ದುಬಾರಿ, ಎಂಜಿನ್ನು ಚಿಕ್ಕದು ಎಂಬುದು ಎಲ್ಲರೂ ಕೊಡುವ ಕಾರಣ. ಅದು ನಿಜವೇ, ಆ ಕಾಲದ ಆಟೋಮ್ಯಾಟಿಕ್‌ಗಳು ದ್ರವದ ಮೂಲಕ ಶಕ್ತಿಯನ್ನು ಸಾಗಿಸುತ್ತಿದ್ದುದರಿಂದ ಒಂದಷ್ಟು ಇಂಧನ ವ್ಯರ್ಥವಾಗುತ್ತಿತ್ತು. ಆದರೆ ಇನ್ನೊಂದು ಕಾರಣವೂ ಇತ್ತೆಂದು ನನ್ನ ಅಭಿಪ್ರಾಯ. ನಮ್ಮ ಅಂಬಾಸಿಡರಿನ ಮಾಲೀಕರು ಅನೇಕ ವೇಳೆ ಹಿಂದಿನ ಸೀಟಿನಲ್ಲಿ ಕುಳಿತಿರುತ್ತಿದ್ದರು. ಕ್ಲಚ್ ಒತ್ತುವ ಎಡಗಾಲು ಸಂಬಳಕ್ಕಿದ್ದ ಚಾಲಕನದು. ತನ್ನದಲ್ಲದ ಕಾಲಿನ ನೋವಿಗಾಗಿ ಹೆಚ್ಚು ಹಣ ಕೊಡುವವರು ಯಾರು? ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳಲ್ಲಿ ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು. ಅದರಿಂದ ಮುಂದಿನ ಸೀಟಿನಲ್ಲಿ ಇನ್ನೊಬ್ಬರು ತೂರಿಕೊಳ್ಳಲು ಅನುಕೂಲವಾಯಿತೇ ಹೊರತು ಚಾಲಕನ ಕಾಲಿಗೇನೂ ಆಗಲಿಲ್ಲ. ಮದುವೆಯ ದಿಬ್ಬಣಗಳಲ್ಲಿ ಒಂದೇ ಅಂಬಾಸಿಡರಿನಿಂದ ಎಷ್ಟು ಜನ ಇಳಿಯುತ್ತಿದ್ದರೆಂಬುದನ್ನು ನಮ್ಮ ಬಂಧುಗಳಿಗೆ ನೆನಪಿಸಬೇಕಾಗಿಲ್ಲ!

ಆಗ ಹಳೆಯ ಕಾರನ್ನು ಮಾರುವುದು ಚಿಂತೆಯ ವಿಷಯವೇ ಆಗಿರಲಿಲ್ಲ. ಕಾರಿನ ಹಂಚಿಕೆಗೆ 1959ರಲ್ಲಿ ಸರಕಾರದ ನಿಯಂತ್ರಣಾದೇಶ ಬಂತು, 1969ರಲ್ಲಿ ಬೆಲೆಯನ್ನೂ ಸರಕಾರವೇ ಗೊತ್ತುಪಡಿಸಿತು. ಹೊಸ ಫಿಯೆಟ್ ಬೇಕೆಂದರೆ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ಇದರಿಂದಾಗಿ ಕಾಯದೆ ಸಿಗುವ ಹಳೆಯ ಕಾರಿಗೆ ಚಿನ್ನದ ಬೆಲೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಹಸ್ತಾಂತರಿಸಿದಾಗಲೂ ಸ್ವಲ್ಪಕಾಲ ಇದೇ ಕತೆ ಮುಂದುವರಿಯಿತು; ಸರದಿಯಲ್ಲಿ ಕಾರು ಪಡೆದವರು ಅದನ್ನು ಲಾಭಕ್ಕೆ ಮಾರಿದ್ದುಂಟು. ಆದರೆ ಆ ಪುಟ್ಟ ಕಾರು ಸದ್ದಿಲ್ಲದೆ ಮತ್ತೊಂದು ಬದಲಾವಣೆ ಮಾಡಿತು. ಹಿಂದಿನ ಸೀಟಿನಲ್ಲಿದ್ದ ಮಾಲೀಕನನ್ನು ಮುಂದಕ್ಕೆ ತಂದು ಕೂರಿಸಿತು. ಎಡಗಾಲು ಈಗ ಅವನದೇ ಆಯಿತು.

ಮುಂದಿನ ಗಿರಾಕಿಯ ಭಯ ಹುಟ್ಟಿದ್ದು 1991ರ ನಂತರ, ಕಾರುಗಳು ಹೇರಳವಾದಾಗ. ಮಾರುತಿ ಝೆನ್‌ನಂಥ ಕೆಲವು ಕಾರುಗಳಲ್ಲಿ ಆಟೋಮ್ಯಾಟಿಕ್ ಬಂದಿತಾದರೂ ಕೊಂಡವರು ವಿರಳ. ಬೆಲೆ ಹೆಚ್ಚು, ಮೈಲೇಜು ಕಡಿಮೆ. ಕೆಟ್ಟರೆ ರಿಪೇರಿ ಮಾಡಬಲ್ಲ ಮೆಕ್ಯಾನಿಕ್ಕು ಊರಿನಲ್ಲಿಲ್ಲ. ಹೀಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಕೇಳುವವರಿಲ್ಲವೆಂದು ಹೊಸದನ್ನು ಕೊಳ್ಳುವವರೂ ಹಿಂಜರಿದರು. ಅವರು ಹಿಂಜರಿದದ್ದರಿಂದ ಮೆಕ್ಯಾನಿಕ್ಕುಗಳು ಕಲಿಯಲಿಲ್ಲ. ಆ ಕಾಲಕ್ಕೆ ಮನೆಯವರ ವಾದ ನೂರಕ್ಕೆ ನೂರು ಸರಿಯಾಗಿತ್ತು.

ಈ ವಿಷವೃತ್ತವನ್ನು ಮೊದಲು ಒಡೆದದ್ದು ಕಾರಲ್ಲ, ಸ್ಕೂಟರು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲಿ ಗೇರು ಬದಲಿಸುವ ಕೆಲಸವಿರಲಿಲ್ಲ. ಹಾಲೆಂಡಿನ ಡಾಫ್ ಸಂಸ್ಥೆ 1958ರಲ್ಲೇ ತನ್ನ ಕಾರಿಗೆ ಅಳವಡಿಸಿದ್ದ ತತ್ತ್ವವೇ ಇಲ್ಲಿಯದೂ: ಎರಡು ರಾಟೆಗಳ ನಡುವೆ ಒಂದು ಪಟ್ಟಿ, ವೇಗಕ್ಕೆ ತಕ್ಕಂತೆ ರಾಟೆಗಳೇ ಅಗಲವಾಗಿ, ಕಿರಿದಾಗಿ ಹೊಂದಿಕೊಳ್ಳುತ್ತವೆ. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲಂತೂ ಎಡಗೈಯಲ್ಲಿ ಗೇರು ತಿರುಚುವ ಸ್ಕೂಟರುಗಳು ಹಿಂದೆ ಸರಿದವು. ನಮ್ಮ ಊರುಗಳ ಎಷ್ಟೋ ಶಿಕ್ಷಕಿಯರು, ಬ್ಯಾಂಕು ನೌಕರೆಯರು ಬಸ್ಸಿಗೆ ಕಾಯುವುದನ್ನು ಬಿಟ್ಟದ್ದು ಈ ಗೇರಿಲ್ಲದ ಸ್ಕೂಟರಿನಿಂದ. ಸೆಕೆಂಡ್ ಹ್ಯಾಂಡಿಗೂ ಅದಕ್ಕೆ ಒಳ್ಳೆಯ ಬೆಲೆ ಸಿಕ್ಕಿತು. ಅದೇ 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ವಿದ್ಯುತ್ ಕಾರಿಗೂ ಕ್ಲಚ್ ಇರಲಿಲ್ಲ. ಲಂಡನ್ನಿನ ಬೀದಿಗಳಲ್ಲೂ ಓಡಾಡಿದ ಆ ಕನ್ನಡನಾಡಿನ ಕಾರು ಇಲ್ಲಿ ಹೆಚ್ಚು ಜನರನ್ನು ಸೆಳೆಯದೆ ಹೋದದ್ದು ಬೇರೆ ಮಾತು.

ಕಾರಿನ ಸರದಿ ಬಂದದ್ದು 2014ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಬಂತು. ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ಸೆಲೆರಿಯೊದಲ್ಲಿದ್ದ ಎ.ಎಂ.ಟಿ. ಎಂಬುದು ಪೂರ್ತಿ ಹೊಸ ಯಂತ್ರವೇನಲ್ಲ. ಹಳೆಯ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರು ಸರಿಸುವ ಕೆಲಸವನ್ನು ಮಾತ್ರ ಕಂಪ್ಯೂಟರಿನ ಆಜ್ಞೆಯಂತೆ ಒಂದು ಉಪಕರಣ ಮಾಡುತ್ತದೆ. ಸಂಬಳವಿಲ್ಲದ ಚಾಲಕನೊಬ್ಬ ಬಾನೆಟ್ಟಿನೊಳಗೆ ಕುಳಿತಂತೆ! ಗೇರು ಬದಲಾಗುವಾಗ ಕ್ಷಣಕಾಲ ಮುಗ್ಗರಿಸಿದಂತಾಗುವುದುಂಟು. ಆದರೆ ಹೆಚ್ಚುವರಿ ಬೆಲೆ ಸುಮಾರು 40 ಸಾವಿರ ರೂಪಾಯಿ ಮಾತ್ರ. ಮೈಲೇಜು ಎರಡಕ್ಕೂ ಒಂದೇ, ಅಧಿಕೃತ ಪರೀಕ್ಷೆಯಲ್ಲಿ ಲೀಟರಿಗೆ 23.1 ಕಿಲೋಮೀಟರ್. ಅರ್ಧ ಶತಮಾನದ ಎರಡು ಆಕ್ಷೇಪಗಳು ಒಂದೇ ಏಟಿಗೆ ಬಿದ್ದವು. ಅತ್ತ ನಗರಗಳ ವಾಹನದಟ್ಟಣೆಯೂ ತನ್ನ ಪಾಲಿನ ಪ್ರಚಾರ ಮಾಡಿತು. 2019ರ ಟಾಮ್‌ಟಾಮ್ ಸಮೀಕ್ಷೆಯಲ್ಲಿ ಬೆಂಗಳೂರು ಜಗತ್ತಿನಲ್ಲೇ ಮೊದಲ ಸ್ಥಾನ ಪಡೆಯಿತಷ್ಟೆ.

ಆದ್ದರಿಂದ ನನ್ನ ಶಿಷ್ಯರಿಗೆ ನಾನು ಹೇಳಿದ್ದಿಷ್ಟು. ಇಂದು ನಗರದಲ್ಲಿ ಆಟೋಮ್ಯಾಟಿಕ್ಕಿಗೆ ಗಿರಾಕಿಗಳಿದ್ದಾರೆ. ನಿಮ್ಮ ವಯಸ್ಸಿನವರೇ ಬೇಕಾದಷ್ಟಿದ್ದಾರೆ. ಹಳ್ಳಿಯ ಕಡೆ ಮಾರಬೇಕಾದರೆ ಕೈಗೇರಿಗೆ ಈಗಲೂ ಅನುಕೂಲ ಹೆಚ್ಚು. ನಿಮ್ಮದು ಬೆಂಗಳೂರು, ನೋಯುತ್ತಿರುವುದು ಎಡಗಾಲು, ಆಟೋಮ್ಯಾಟಿಕ್ಕನ್ನೇ ಕೊಳ್ಳಿ. ಶಿರಾಡಿ, ಚಾರ್ಮಾಡಿ ಇಳಿಯುವಾಗ ಮಾತ್ರ ಕೆಳಗೇರನ್ನು ಹಿಡಿದಿಡುವ ಸೌಲಭ್ಯವನ್ನು ಬಳಸಬೇಕು. ಬ್ರೇಕೊಂದನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. 'ಸ್ವಯಂಚಾಲಿತ' ಎಂದು ಕನ್ನಡದಲ್ಲಿ ಬರೆದರೆ ಕಾರು ತಾನೇ ಓಡುತ್ತದೆಂಬ ಭಾವನೆ ಬರುತ್ತದೆ, ಓಡಿಸುವವರು ನೀವೇ.

ಅವರು ಕೇಳದೆ ಉಳಿದ ಪ್ರಶ್ನೆಯೊಂದಿತ್ತು. ಅದು ಗೇರಿಗಿಂತ ದೊಡ್ಡದು: ಇರುವ ಕಾರನ್ನು ಮಾರುವ ಬಗೆ. ನಮ್ಮಲ್ಲಿ ಹಣ ಎಣಿಸಿ, ಬೀಗದ ಕೈ ಕೊಟ್ಟು, ಒಂದು ಹಾಳೆಗೆ ಸಹಿ ಹಾಕಿಸಿಕೊಂಡರೆ ವ್ಯಾಪಾರ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಕಾನೂನು ಹಾಗೆನ್ನುವುದಿಲ್ಲ. 2009ರ ಮೇ ತಿಂಗಳ ಒಂದು ದಿನ ಹಳ್ಳಿಯೊಂದರ ಬೀದಿಯಲ್ಲಿ ಮಹಿಳೆಯೊಬ್ಬರು ತಮ್ಮ ಸೋದರರ ಮಗನೊಡನೆ ನಡೆದು ಹೋಗುತ್ತಿದ್ದರು. ರಿವರ್ಸ್ ಗೇರಿನಲ್ಲಿ ಬಂದ ಕಾರೊಂದು ಅವರಿಗೆ ಬಡಿದು ಹುಡುಗ ಸ್ಥಳದಲ್ಲೇ ಸತ್ತ. ಆ ಕಾರಿನ ನೋಂದಾಯಿತ ಮಾಲೀಕ ಅದನ್ನು 2007ರಲ್ಲೇ ಮಾರಿದ್ದ. ಆಮೇಲೆ ಅದು ಕೈಯಿಂದ ಕೈಗೆ ದಾಟಿತ್ತು. ಕೊಂಡ ಯಾರೂ ಹೆಸರು ಬದಲಾಯಿಸಿಕೊಂಡಿರಲಿಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು: ನೋಂದಣಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ದೃಷ್ಟಿಯಲ್ಲಿ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ.

1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್.ಟಿ.ಓ. ಕಛೇರಿಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಸಾಲವಿದ್ದ ಕಾರಾದರೆ ಅದು ತೀರಿದ್ದಕ್ಕೆ 35ನೆಯ ನಮೂನೆ. ಹೊರರಾಜ್ಯಕ್ಕೆ ಹೋಗುವುದಾದರೆ 28ನೆಯದರಲ್ಲಿ ನಿರಾಕ್ಷೇಪಣಾ ಪತ್ರ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ, ಅಧಿಕೃತ ಪರವಾನಗಿಯುಳ್ಳ ವ್ಯಾಪಾರಿಗೆ ಕಾರು ಒಪ್ಪಿಸಿ ಅದನ್ನು ಕ್ರಮವಾಗಿ ದಾಖಲಿಸಿದರೆ ಮುಂದಿನ ಹೊಣೆ ಆ ವ್ಯಾಪಾರಿಗೆ ಸೇರುತ್ತದೆ. ಆ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಆರ್.ಸಿ. ಹೊಸಬರ ಹೆಸರಿಗೆ ಬದಲಾದದ್ದನ್ನು ಕಣ್ಣಾರೆ ಕಾಣುವವರೆಗೂ ನಮೂನೆಗಳ ಪ್ರತಿಗಳನ್ನು ಎಸೆಯಬೇಡಿ.

ಇದನ್ನು ಓದುವ ಬಂಧುಗಳಲ್ಲಿ ಕೆಲವರ ಮನೆಯಂಗಳದಲ್ಲಿ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಕಾರು ನಿಂತಿರುವುದನ್ನು ಬಲ್ಲೆ. ಅದನ್ನು ಮಾರುವ ಮೊದಲು ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕೆ 31ನೆಯ ನಮೂನೆ. ಮರಣವನ್ನು 30 ದಿನಗಳೊಳಗೆ ಆರ್.ಟಿ.ಓ. ಕಛೇರಿಗೆ ತಿಳಿಸಿದ್ದರೆ, ಹೆಸರು ಬದಲಾಗುವ ಮುನ್ನ ಕಾರನ್ನು ಬಳಸಲು ನಿಯಮ ಕೊಡುವ ಅವಕಾಶ ಮೂರು ತಿಂಗಳು.