ಸೊಮ್ಯಾಟೊಸ್ಟ್ಯಾಟಿನ್ ವಂಶವಾಹಿಯ ನಿಯಂತ್ರಣ: ಕ್ರೆಬ್ ಪ್ರೋಟೀನಿನ ಫಾಸ್ಫೇಟ್ ಗುರುತಿನ ಮಹತ್ವ ಮತ್ತು ಮಿತಿ

ಸಾರಾಂಶ

ಹೊರಗಿನ ಸಂಕೇತಕ್ಕೆ ನರಪೆಪ್ಟೈಡ್ ವಂಶವಾಹಿ ಸ್ಪಂದಿಸುವ ಬಗೆಯನ್ನು ಈ ಲೇಖನ ಸೊಮ್ಯಾಟೊಸ್ಟ್ಯಾಟಿನ್ ನಿದರ್ಶನದಲ್ಲಿ ಪರಿಶೀಲಿಸುತ್ತದೆ. ವಂಶವಾಹಿಯ ನಿಯಂತ್ರಕ ತಾಣಕ್ಕೆ ಅಂಟಿಕೊಳ್ಳುವ ಕ್ರೆಬ್ ಪ್ರೋಟೀನಿಗೆ ಫಾಸ್ಫೇಟ್ ಸೇರುವುದು ಈ ಸ್ಪಂದನೆಗೆ ಅವಶ್ಯ. ಆದರೆ ಅದೊಂದೇ ಸಾಲದು ಎಂಬುದು ಇಲ್ಲಿನ ವಾದ.

1. ಹಿನ್ನೆಲೆ

1973ರಲ್ಲಿ ರೋಜರ್ ಗಿಯಮಿನ್ ಅವರ ಪ್ರಯೋಗಾಲಯ ಕುರಿಯ ಹೈಪೊಥಲಾಮಸ್‌ನಿಂದ ಸೊಮ್ಯಾಟೊಸ್ಟ್ಯಾಟಿನನ್ನು ಬೇರ್ಪಡಿಸಿತು. 14 ಅಮೈನೋ ಆಮ್ಲಗಳ ಈ ಪೆಪ್ಟೈಡ್ ಬೆಳವಣಿಗೆಯ ಹಾರ್ಮೋನಿನ ಸ್ರವಿಕೆಯನ್ನು ತಡೆಯುತ್ತದೆ. ಡೋಪಮಿನ್‌ನಂಥ ಸಣ್ಣ ಅಣುವನ್ನು ನರಕೋಶ ಮರಳಿ ಹೀರಿಕೊಂಡು ಬಳಸಬಲ್ಲದು. ಪೆಪ್ಟೈಡಿಗೆ ಆ ಅನುಕೂಲವಿಲ್ಲ. ಖರ್ಚಾದುದನ್ನು ಹೊಸದಾಗಿ ತಯಾರಿಸಲೇಬೇಕು. ಹಾಗಾಗಿ ಕೋಶಪೊರೆಗೆ ಬಂದ ಸಂಕೇತ ಕೋಶಕೇಂದ್ರದವರೆಗೂ ತಲುಪುವುದು ಮುಖ್ಯ.

2. ಎಂಟು ಅಕ್ಷರಗಳ ತಾಣ

1986ರಲ್ಲಿ ಮಾರ್ಕ್ ಮಾಂಟ್ಮಿನಿ, ರಿಚರ್ಡ್ ಗುಡ್‌ಮನ್ ಮತ್ತು ಸಂಗಡಿಗರು ಇಲಿಯ ಸೊಮ್ಯಾಟೊಸ್ಟ್ಯಾಟಿನ್ ವಂಶವಾಹಿಯ ನಿಯಂತ್ರಕ ಭಾಗವನ್ನು, ಸುಲಭವಾಗಿ ಅಳೆಯಬಹುದಾದ ಬ್ಯಾಕ್ಟೀರಿಯಾ ಕಿಣ್ವದ ವಂಶವಾಹಿಗೆ ಜೋಡಿಸಿ, ಪ್ರಯೋಗಾಲಯದಲ್ಲಿ ಬೆಳೆಸುವ ಪಿಸಿ12 ಎಂಬ ಕೋಶಗಳಿಗೆ ಸೇರಿಸಿದರು. ಕೋಶದೊಳಗೆ ಸಂಕೇತ ಒಯ್ಯುವ ಸೈಕ್ಲಿಕ್ ಎಎಂಪಿ ಅಣುವನ್ನು ಹೆಚ್ಚಿಸಲು ಬಳಸಿದ್ದು ಫೋರ್ಸ್ಕೋಲಿನ್. ನಮ್ಮಲ್ಲಿ ಮಾಕಂದಿ ಬೇರು ಎನ್ನುವ ಗಿಡದಲ್ಲಿ ಸಿಗುವ ರಾಸಾಯನಿಕ. ಕಿಣ್ವದ ಪ್ರಮಾಣ ಏರಿತು. ನಿಯಂತ್ರಕ ಭಾಗವನ್ನು ತುದಿಯಿಂದ ಹಂತಹಂತವಾಗಿ ಮೊಟಕುಗೊಳಿಸುತ್ತ ಬಂದಾಗ, ಈ ಸ್ಪಂದನೆಗೆ ಬೇಕಾದ ತಾಣ ಗೊತ್ತಾಯಿತು. ಅದರ ತಿರುಳು ಟಿಜಿಎಸಿಜಿಟಿಸಿಎ ಎಂಬ ಎಂಟು ಅಕ್ಷರಗಳ ಸರಣಿ. ಸೈಕ್ಲಿಕ್ ಎಎಂಪಿಯಿಂದ ಚುರುಕಾಗುವ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವದ ಕೊರತೆಯಿದ್ದ ಕೋಶಗಳು ಸ್ಪಂದಿಸಲಿಲ್ಲ.

3. ಫಾಸ್ಫೇಟ್ ಗುರುತು

ಈ ತಾಣಕ್ಕೆ ಅಂಟಿಕೊಳ್ಳುವ 43 ಕಿಲೋಡಾಲ್ಟನ್ ತೂಕದ ಕ್ರೆಬ್ ಪ್ರೋಟೀನ್ 1987ರಲ್ಲಿ ಗೊತ್ತಾಯಿತು. ಕೈನೇಸ್ ಎ ಅದರ 133ನೆಯ ಸೆರೀನಿಗೆ ಫಾಸ್ಫೇಟ್ ಸೇರಿಸುತ್ತದೆ. ಆ ಸೆರೀನಿನ ಜಾಗದಲ್ಲಿ ಅಲನೀನ್ ಇಟ್ಟರೆ ಸ್ಪಂದನೆಯೇ ಇಲ್ಲವಾಗುತ್ತದೆಂದು 1989ರಲ್ಲಿ ಸಾಬೀತಾಯಿತು. ಗುರುತು ಬಿದ್ದ ಕ್ರೆಬ್ ಸಿಬಿಪಿ ಎಂಬ ಸಹಕಾರಿ ಪ್ರೋಟೀನನ್ನು ಬರಮಾಡಿಕೊಳ್ಳುತ್ತದೆ. ಸಿಬಿಪಿ ಹಿಸ್ಟೋನುಗಳಿಗೆ ಅಸಿಟೈಲ್ ಗುಂಪು ಸೇರಿಸಿ ಪ್ರತಿಲೇಖನಕ್ಕೆ ದಾರಿ ಮಾಡುತ್ತದೆ. ಕೆಲ ಗಂಟೆಗಳಲ್ಲಿ ಫಾಸ್ಫಟೇಸ್ ಕಿಣ್ವ ಆ ಗುರುತನ್ನು ತೆಗೆದುಹಾಕುತ್ತದೆ.

4. ಚರ್ಚೆ

ಕ್ಯಾಲ್ಸಿಯಂ ಒಳಹರಿವು, ನರವರ್ಧಕ ಅಂಶ ಇವು ಕೂಡ 133ನೆಯ ಸೆರೀನಿಗೇ ಫಾಸ್ಫೇಟ್ ಸೇರುವಂತೆ ಮಾಡುತ್ತವೆ. ಗುರುತು ಒಂದೇ ಆದರೂ ಫಲ ಒಂದೇ ಅಲ್ಲ. ಇದಕ್ಕೆ ಮೂರು ಕಾರಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕ್ಯಾಲ್ಸಿಯಂ ಅವಲಂಬಿತ ಎರಡನೆಯ ಬಗೆಯ ಕ್ಯಾಮ್ ಕೈನೇಸ್ 142ನೆಯ ಸೆರೀನಿಗೂ ಫಾಸ್ಫೇಟ್ ಸೇರಿಸಿ ಕ್ರೆಬ್‌ನ ಕೆಲಸವನ್ನು ಕುಗ್ಗಿಸುತ್ತದೆ. ಎರಡನೆಯದಾಗಿ, ಸಿಆರ್‌ಟಿಸಿ ಎಂಬ ಇನ್ನೊಂದು ಸಹಕಾರಿ ಕೋಶರಸದಲ್ಲೇ ತಡೆಹಿಡಿಯಲ್ಪಟ್ಟಿರುತ್ತದೆ. ತನ್ನ ಮೇಲಿನ ಫಾಸ್ಫೇಟ್ ಕಳಚಿದಾಗ ಮಾತ್ರ ಅದು ಕೋಶಕೇಂದ್ರ ಸೇರುತ್ತದೆ. ಮೂರನೆಯದಾಗಿ, ತಾಣದ ನಡುವಿನ ಸಿಜಿ ಜೋಡಿಯ ಮೇಲೆ ಮೀಥೈಲ್ ಗುಂಪಿದ್ದರೆ ಕ್ರೆಬ್ ಅಲ್ಲಿ ಅಂಟಿಕೊಳ್ಳಲಾರದು. ಕ್ರೆಬ್ ಬಹುತೇಕ ಎಲ್ಲ ಅಂಗಾಂಶಗಳಲ್ಲಿದ್ದರೂ ಪೆಪ್ಟೈಡ್ ಕೆಲವೇ ಕೋಶಗಳಲ್ಲಿ ತಯಾರಾಗುವುದನ್ನು ಅರ್ಥಮಾಡಿಕೊಳ್ಳಲು ಇಂಥ ತಡೆಗಳೂ ನೆರವಾಗುತ್ತವೆ.

5. ಸಮಾರೋಪ

ಸಂಕೇತ ಬಂದಿದೆ ಎಂಬುದಕ್ಕೆ ಫಾಸ್ಫೇಟ್ ಸಾಕ್ಷಿ. ವಂಶವಾಹಿ ಉತ್ತರಿಸಿದೆ ಎಂಬುದಕ್ಕಲ್ಲ. ಮಿದುಳಿನ ಛೇದದಲ್ಲಿ ಫಾಸ್ಫೇಟ್ ಹೊತ್ತ ಕ್ರೆಬ್ ಕಂಡ ಮಾತ್ರಕ್ಕೆ ನರಪೆಪ್ಟೈಡಿನ ಉತ್ಪಾದನೆ ಏರಿದೆ ಎಂದು ತೀರ್ಮಾನಿಸುವುದು ಅವಸರವಾದೀತು. ಅದೇ ಕೋಶದಲ್ಲಿ ಸಂದೇಶವಾಹಕ ಆರ್‌ಎನ್‌ಎಯನ್ನೂ ಅಳೆದ ಮೇಲೆಯೇ ಅಂಥ ಮಾತಿಗೆ ಆಧಾರ ದೊರೆಯುತ್ತದೆ.