ಗಲ್ಲಿಯ ಬಿಸಿಲು

ಡಿಸೆಂಬರಿನಲ್ಲಿ ಅಪ್ಪನ ಅಸ್ಥಿ ಬಿಡಲು ಕಾಶಿಗೆ ಹೋದಾಗ ಸೋನಾರ್‌ಪುರದ ಗಲ್ಲಿಯೊಂದರಲ್ಲಿ ಉಳಿದಿದ್ದೆವು. ಎದುರಿಗೆ ಗೂಳಿ ಬಂದರೆ ಯಾರದೋ ಮನೆಯ ಮೆಟ್ಟಿಲೇರಬೇಕು, ಅಷ್ಟು ಕಿರಿದು. ನೆಲಕ್ಕೆ ಬಿಸಿಲು ತಾಕುವುದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಪಕ್ಕದ ಮನೆಯ ಅಜ್ಜಿ, ಮಂಜು ಕರಗಿದ ಮೇಲೆ, ಹನ್ನೊಂದರ ಸುಮಾರಿಗೆ ಮೊಮ್ಮಗುವನ್ನು ತಾರಸಿಗೆ ಒಯ್ದು ಸಾಸಿವೆ ಎಣ್ಣೆ ಹಚ್ಚಿ ಚಾಪೆಯ ಮೇಲೆ ಬಿಡುತ್ತಿದ್ದರು.

ನನಗೆ ಮಗಳ ನೆನಪಾಯಿತು. ಬೆಂಗಳೂರಿನ ಎಂಟನೇ ಮಹಡಿಯಲ್ಲಿ ಬೆಳೆದ ಅವಳಿಗೆ ನಾಲ್ಕು ವರ್ಷಕ್ಕೇ ಕಾಲುನೋವು. ರಕ್ತ ಪರೀಕ್ಷಿಸಿದರೆ ವಿಟಮಿನ್ ಡಿ ಪಾತಾಳದಲ್ಲಿ. "ಕಿಟಕಿ ತುಂಬ ಬಿಸಿಲು ಬರುತ್ತದಲ್ಲ ಡಾಕ್ಟ್ರೇ" ಅಂದಿದ್ದೆ. ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆಂದು ಎಂಟೆಕ್ ಓದಿದವನಿಗೆ ಆಗಲೇ ಗೊತ್ತಾಗಿದ್ದು!

ಹಿಂತಿರುಗಿದ ಮೇಲೆ ಇದರ ಚರಿತ್ರೆ ಕೆದಕಿದೆ. ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದ ಥಿಯೊಬಾಲ್ಡ್ ಪಾಮ್, ಇಂಗ್ಲೆಂಡಿಗೆ ಮರಳಿದಾಗ ಅಲ್ಲಿ ಕಾಲು ಬಿಲ್ಲಾಗಿ ಬಾಗಿದ ಮಕ್ಕಳನ್ನು ಕಂಡು ಬೆರಗಾದ. ಏಷ್ಯಾದ ಮಿಷನರಿಗಳಿಗೆ ಪತ್ರ ಬರೆದು ವಿಚಾರಿಸಿ, ಈ ರಿಕೆಟ್ಸ್‌ಗೆ ಮದ್ದು ಬಿಸಿಲು ಎಂದು 1890ರಲ್ಲೇ ಬರೆದ. ಹೆಚ್ಚಿನವರು ಕಿವಿಗೊಡಲಿಲ್ಲ. 1919ರಲ್ಲಿ ಲಂಡನ್ನಿನ ಮೆಲ್ಯಾನ್ಬಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ ಆಹಾರದ ಕೊರತೆಯೇ ಕಾರಣ ಎಂದ. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ದೀಪದ ಅತಿನೇರಳೆ ಬೆಳಕಿನಿಂದಲೇ ಮಕ್ಕಳನ್ನು ಗುಣಪಡಿಸಿದ. ಊಟವೋ, ಬೆಳಕೋ?

ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ನಾಸಿಕ. ಅಲ್ಲಿ ಹಚಿನ್ಸನ್ ಮತ್ತು ಶಾ ಎಂಬ ವೈದ್ಯರು ಮಾಡಿದ ಅಧ್ಯಯನ 1922ರಲ್ಲಿ ಪ್ರಕಟವಾಯಿತು. ರಿಕೆಟ್ಸ್ ಇದ್ದದ್ದು ಉಂಡುಟ್ಟು ಸುಖವಾಗಿದ್ದ, ಪರದೆಯ ಪದ್ಧತಿಯಿದ್ದ ಮನೆಗಳಲ್ಲಿ. ತಾಯಿ ಒಳಗೆ, ಕೂಸೂ ಒಳಗೆ. ಅರೆಹೊಟ್ಟೆಯ ಕೂಲಿಯವರ ಮಕ್ಕಳು ತಾಯಿಯೊಂದಿಗೆ ಬಯಲಲ್ಲಿ ಬೆಳೆದು ಬಹುಪಾಲು ಪಾರಾಗಿದ್ದರು. ಸೂರ್ಯನಿಗೆ ಬರವಿಲ್ಲದ ನಾಡಿನಲ್ಲಿ, ಅನುಕೂಲಸ್ಥರ ಗೋಡೆಯೇ ರೋಗ ತಂದಿತ್ತು. ನಮ್ಮ ಅಪಾರ್ಟ್‌ಮೆಂಟಿಗೆ ಪರದೆಯ ಹೆಸರಿಲ್ಲ, ಅಷ್ಟೇ ವ್ಯತ್ಯಾಸ.

ಕಡೆಗೆ ಎರಡೂ ಕಡೆಯವರು ಗೆದ್ದರು. ಮೀನೆಣ್ಣೆಯಲ್ಲಿದ್ದುದನ್ನು ಮೆಕಾಲಮ್ 1922ರಲ್ಲಿ ಗುರುತಿಸಿದ, ಅದಕ್ಕೆ ವಿಟಮಿನ್ ಡಿ ಎಂಬ ಹೆಸರು ನಿಂತಿತು. ಚರ್ಮವೂ ಬಿಸಿಲಲ್ಲಿ ಅದನ್ನೇ ತಯಾರಿಸುತ್ತದೆ. ಈಗ ಮಕ್ಕಳ ತಜ್ಞರು ಹಸುಗೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಿಸುತ್ತಾರೆ. ಎದೆಹಾಲಿನಲ್ಲಿ ಇದು ತೀರ ಕಡಿಮೆ.

ಅಮ್ಮ ಮಗಳನ್ನು ಬಾಣಂತನದಲ್ಲಿ ಏಳು ಗಂಟೆಯ ಎಳೆಬಿಸಿಲಿಗೆ ಹಿಡಿಯುತ್ತಿದ್ದಳು. ಓರೆಯಾಗಿ ಬರುವ ಆ ಕಿರಣದಲ್ಲಿ ಯುವಿ-ಬಿ ಇಲ್ಲವೆನ್ನುವಷ್ಟು ಕಡಿಮೆ. ಸೋನಾರ್‌ಪುರದ ಅಜ್ಜಿಯ ಹನ್ನೊಂದು ಗಂಟೆಯೇ ಸರಿ. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.